ರಸನೇಂದ್ರಿಯ ಮತ್ತು ವಿವೇಕ: ಪರದೇಶದ ಪಾಕದ ಎದುರು ಶ್ರಾವಕ

ಐದು ಇಂದ್ರಿಯಗಳಲ್ಲಿ ರಸನೇಂದ್ರಿಯವನ್ನು ಗೆಲ್ಲುವುದು ಬಹು ಕಷ್ಟವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಣ್ಣನ್ನು ಮುಚ್ಚಬಹುದು, ಕಿವಿಯನ್ನು ಬೇರೆಡೆಗೆ ತಿರುಗಿಸಬಹುದು. ನಾಲಿಗೆಯನ್ನು ಮಾತ್ರ ದಿನಕ್ಕೆ ಒಂದೆರಡು ಸಲವಾದರೂ ಅದರ ವಿಷಯದ ಎದುರಿಗೇ ಕೊಂಡೊಯ್ದು ನಿಲ್ಲಿಸಬೇಕಾಗುತ್ತದೆ. ಆದುದರಿಂದಲೇ ಆಹಾರದ ವಿಚಾರವು ಜೈನಾಚಾರದಲ್ಲಿ ಕೇವಲ ಅಡುಗೆಮನೆಯ ವಿಚಾರವಾಗಿ ಉಳಿದಿಲ್ಲ. ಅದು ವ್ರತದ ಮೊದಲ ಮೆಟ್ಟಿಲಾಗಿದೆ.

ಶಿರಾ ತಾಲೂಕಿನ ಗೌಡಗೆರೆ ಹೋಬಳಿಯ ಒಂದು ಶ್ರಾವಕ ಮನೆತನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮಧುಗಿರಿ, ಕೊರಟಗೆರೆ, ಪಾವಗಡಗಳ ಕಡೆಯ ಮನೆಯೆಂದರೂ ಸಲ್ಲುತ್ತದೆ. ಮನೆಯ ಅಜ್ಜಿ ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು. ರಾಗಿಮುದ್ದೆ, ಅವರೆಕಾಳಿನ ಸಾರು, ಕಡಲೆಕಾಯಿ ಚಟ್ನಿಗಳಲ್ಲಿ ತೃಪ್ತರು. ಮೊಮ್ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಕಚೇರಿಯ ಕೆಲಸದ ಮೇಲೆ ಪ್ಯಾರಿಸ್ಸಿಗೂ ಹೋಗಿ ಬಂದವಳು. ಊರಿನಿಂದ ಬಂದ ಅಜ್ಜಿಯನ್ನು ಅವಳು ಪ್ರೀತಿಯಿಂದ ಒಂದು ಮಧ್ಯಾಹ್ನ ಫ್ರೆಂಚ್ ಮಾದರಿಯ ರೆಸ್ಟೋರೆಂಟಿಗೆ ಕರೆದೊಯ್ಯುತ್ತಾಳೆ. “ಬರೀ ತರಕಾರಿ ಸೂಪು ಅಜ್ಜಿ, ಮಾಂಸ ಇಲ್ಲ, ತಗೋ” ಎನ್ನುತ್ತಾಳೆ. ಅಜ್ಜಿ ಬಟ್ಟಲನ್ನು ನೋಡಿ, “ತರಕಾರಿಯೇನೋ ಕಾಣಿಸ್ತದೆ ಕಣಮ್ಮ, ನೀರು ಯಾವುದು?” ಎಂದು ಕೇಳುತ್ತಾರೆ.

ಈ ಪ್ರಶ್ನೆಯನ್ನು ಹಳ್ಳಿಯ ಮುದುಕಿಯ ಮುಗ್ಧತೆಯೆಂದು ತಳ್ಳಿಹಾಕುವಂತಿಲ್ಲ. ಫ್ರೆಂಚ್ ಪಾಕಕ್ರಮದಲ್ಲಿ ಸೂಪಿಗೂ ಅನೇಕ ಗೊಜ್ಜುಗಳಿಗೂ ಆಧಾರವಾಗಿರುವುದು ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ರಸ. ಬಟ್ಟಲಿನಲ್ಲಿ ಕಾಣುವುದು ತರಕಾರಿ. ಅದನ್ನು ಬೇಯಿಸಿದ ದ್ರವವು ಕೋಳಿಯದೋ ದನದ್ದೋ ಆಗಿರಬಹುದು. ಹೆಸರಿನಲ್ಲಿಯೇ ಈರುಳ್ಳಿಯನ್ನು ಹೊತ್ತಿರುವ ಅಲ್ಲಿಯ ಪ್ರಸಿದ್ಧ ಸೂಪನ್ನು ಸಂಪ್ರದಾಯವಾಗಿ ಮಾಡುವುದು ದನದ ಮೂಳೆಯ ರಸದಲ್ಲಿ. ತಲೆತಲಾಂತರದಿಂದ ನೀರನ್ನು ಸೋಸಿ ಕುಡಿಯುತ್ತ ಬಂದ ಮನೆತನದ ಹಿರಿಯಳಿಗೆ ಮೊದಲು ನೀರಿನ ನೆನಪೇ ಬಂದುದು ಸಹಜ.

ಇಲ್ಲಿ ಎರಡು ಸುಲಭದ ಉತ್ತರಗಳಿವೆ. ಪರದೇಶದ ಅಡುಗೆಯೇ ನಮ್ಮದಲ್ಲ, ಅದರ ಗೊಡವೆ ಬೇಡ ಎನ್ನುವುದು ಒಂದು. ತಟ್ಟೆಯಲ್ಲಿ ಮಾಂಸದ ತುಂಡು ಕಾಣದಿದ್ದರೆ ಸಾಕು, ಅತಿಯಾಗಿ ಕೆದಕಬಾರದು ಎನ್ನುವುದು ಇನ್ನೊಂದು. ಎರಡೂ ವಿಚಾರದ ಶ್ರಮವನ್ನು ತಪ್ಪಿಸುತ್ತವೆಯಾದ್ದರಿಂದ ಎರಡನ್ನೂ ಪರೀಕ್ಷಿಸುವುದು ಯೋಗ್ಯ.

ಪರದೇಶದ್ದೆಂಬ ಮಾತ್ರಕ್ಕೆ ಆಹಾರವು ದೋಷಯುಕ್ತವಾಗುವುದಿಲ್ಲ. ಪಾವಗಡ, ಶಿರಾ ಸೀಮೆಯ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ. ಅಜ್ಜಿಯ ಚಟ್ನಿಯ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ರುಚಿಯ ವಿಷಯದಲ್ಲಿ ಕನ್ನಡ ಜೈನ ಪರಂಪರೆಯು ಶುಷ್ಕವಾಗಿಯೂ ಇರಲಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿಚಾರಕ್ಕೆ ಸ್ಥಾನವಿದೆ. 1508ರ ಸುಮಾರಿನ ಮೂರನೆಯ ಮಂಗರಸನು ಅಡುಗೆಗಾಗಿಯೇ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ಬರೆದನು. ಮಂಗರಸನು ಜೈನಕವಿ. ಮಾಂಸವಿಲ್ಲದೆಯೂ ಅಡುಗೆಯು ಒಂದು ಶಾಸ್ತ್ರವಾಗಬಲ್ಲದೆಂಬ ವಿಶ್ವಾಸ ಅವನಲ್ಲಿತ್ತು. ಆದ್ದರಿಂದ ಮೊದಲನೆಯ ಉತ್ತರಕ್ಕೆ ಪರಂಪರೆಯ ಬೆಂಬಲವಿಲ್ಲ.

ಎರಡನೆಯ ಉತ್ತರವು ಹೆಚ್ಚು ಅಪಾಯಕರ. ಜೈನದರ್ಶನವು ಹಿಂಸೆಯನ್ನು ಕೇವಲ ಕತ್ತಿ ಹಿಡಿದ ಕೈಯಲ್ಲಿ ನೋಡುವುದಿಲ್ಲ. ಪ್ರಮಾದದಲ್ಲಿ, ಅಂದರೆ ಎಚ್ಚರಿಕೆಯ ಅಭಾವದಲ್ಲಿ, ಅದರ ಬೇರನ್ನು ಕಾಣುತ್ತದೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳಿಂದಲೂ ಕರ್ಮವು ಜೀವವನ್ನು ಸೇರುತ್ತದೆ. ಹೋಟೆಲಿನಲ್ಲಿ ಉಣ್ಣುವವನು ಸ್ವತಃ ಕೊಲ್ಲುವುದಿಲ್ಲ, ನಿಜ. ಆದರೆ ಹಣ ಕೊಡುವ ಕೈ ಮಾಡಿಸುವ ಕೈಯೇ ಅಲ್ಲವೇ? ತಿಳಿಯದೆ ಆದ ತಪ್ಪಿಗೂ, ತಿಳಿದರೆ ಬಿಡಬೇಕಾದೀತೆಂದು ಬೇಕೆಂದೇ ಕೇಳದೆ ಉಳಿದುದಕ್ಕೂ ಅಂತರವಿದೆ. ಮೊದಲನೆಯದು ಅಜ್ಞಾನ; ಎರಡನೆಯದು ಅಜ್ಞಾನದ ವೇಷ ತೊಟ್ಟ ಲೋಭ.

ಕೇಳಬೇಕಾದದ್ದೇನು ಎಂಬುದನ್ನು ತಿಳಿದಿರುವುದೂ ಆಚಾರದ ಒಂದು ಭಾಗ. ಮೂಸ್ ಮುಂತಾದ ನುಣುಪಾದ ಸಿಹಿಗಳನ್ನು ಗಟ್ಟಿಗೊಳಿಸಲು ಬಳಸುವ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು. ಸೂಫ್ಲೆ ಉಬ್ಬುವುದು ಮೊಟ್ಟೆಯ ಬಿಳಿಯಿಂದ; ಮಯೊನೇಸ್ ಕೂಡಿಕೊಳ್ಳುವುದು ಮೊಟ್ಟೆಯ ಹಳದಿಯಿಂದ. ಗೊಜ್ಜಿಗೆ ಸುರಿದ ದ್ರಾಕ್ಷಾಮದ್ಯವು ಬೆಂಕಿಯಲ್ಲಿ ಪೂರ್ತಿ ಆವಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಒಂದಂಶ ಉಳಿದೇ ಇರುತ್ತದೆ. ಅನೇಕ ಖಾದ್ಯಗಳಿಗೆ ಮೊದಲ ಒಗ್ಗರಣೆಯಂತಿರುವ ಮಿರ್‌ಪ್ವಾ ಎಂಬುದು ಈರುಳ್ಳಿ, ಕ್ಯಾರೆಟ್, ಸೆಲರಿಗಳ ಮಿಶ್ರಣವಾಗಿದ್ದು, ಕಂದಮೂಲಗಳನ್ನು ಬಿಟ್ಟವರಿಗೆ ಅಲ್ಲಿಯೇ ತಡೆ ಬರುತ್ತದೆ.

ಚೀಸಿನ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಹಾಲನ್ನು ಒಡೆಯಲು ಬಳಸುವ ರೆನೆಟ್ಟನ್ನು ಹಿಂದಿನಿಂದಲೂ ಹಾಲು ಕುಡಿಯುವ ಎಳೆಗರುವಿನ ನಾಲ್ಕನೆಯ ಜಠರದಿಂದ, ಕರುವನ್ನು ಕೊಂದ ನಂತರ, ತೆಗೆಯಲಾಗುತ್ತಿತ್ತು. ಕೊಂತೆ, ರೋಕ್‌ಫೋರ್ ಮೊದಲಾದ ಸಾಂಪ್ರದಾಯಿಕ ಫ್ರೆಂಚ್ ಚೀಸುಗಳಲ್ಲಿ ಇಂದಿಗೂ ಪ್ರಾಣಿಮೂಲದ ರೆನೆಟ್ಟೇ ಬಳಕೆಯಲ್ಲಿದೆ. 1990ರಲ್ಲಿ ಅಮೆರಿಕವು ಸೂಕ್ಷ್ಮಜೀವಿಗಳ ಮೂಲಕ ತಯಾರಾದ ಕೈಮೋಸಿನ್‌ಗೆ ಅನುಮತಿ ನೀಡಿದ ಮೇಲೆ ಕರುವಿನ ಜಠರವಿಲ್ಲದ ಚೀಸು ಲೋಕದಲ್ಲಿ ಬಹುವಾಗಿ ಹರಡಿತು. ಹೀಗೆ ಒಂದೇ ಬಣ್ಣದ, ಒಂದೇ ರುಚಿಯ ಎರಡು ತುಂಡುಗಳ ಹಿಂದೆ ಎರಡು ಬೇರೆ ಬೇರೆ ಕಥೆಗಳಿರಬಹುದು. ಆ ಕಥೆಯನ್ನು ನಾಲಿಗೆ ಹೇಳಲಾರದು. ಕೇಳಿದವರಿಗೆ ಮಾತ್ರ ತಿಳಿಯುತ್ತದೆ.

ಇಲ್ಲಿ ಪ್ರಾಮಾಣಿಕನಾದ ಶ್ರಾವಕನು ಇನ್ನೊಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರನು. ಫ್ರೆಂಚರ ಕರುವಿಗಾಗಿ ಮರುಗುವ ಮನಸ್ಸು ತನ್ನ ಮನೆಯ ಹಾಲಿನ ಗಂಡುಗರು ಎಲ್ಲಿಗೆ ಹೋಯಿತೆಂದು ಕೇಳಿದೆಯೇ? ಹಾಲು ನಿಷಿದ್ಧವಲ್ಲವೆಂಬುದು ನಿಜವಾದರೂ, ಹೈನುಗಾರಿಕೆಯ ಇಂದಿನ ಸ್ವರೂಪವು ಪೂರ್ವಕಾಲದ ಕೊಟ್ಟಿಗೆಯದಲ್ಲ. ಪರರ ಅಡುಗೆಮನೆಯಲ್ಲಿ ದೀಪ ಹಿಡಿದವರು ತಮ್ಮ ಅಡುಗೆಮನೆಯಲ್ಲಿಯೂ ಅದನ್ನು ಹಿಡಿಯಬೇಕು. ಇಲ್ಲವಾದರೆ ವ್ರತವು ಅಭಿಮಾನವಾಗಿ ಮಾರ್ಪಡುತ್ತದೆ. ಮಾಂಸವನ್ನು ಬಿಟ್ಟವರು ಮಾನಕಷಾಯವನ್ನು ಉಣ್ಣುವಂತಾಗುತ್ತದೆ.

ಕಾನೂನಿನ ಮೇಲೆ ಭಾರ ಹಾಕಿ ಕೂರುವುದೂ ಸಾಲದು. ನಮ್ಮ ದೇಶದಲ್ಲಿ ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಗುರುತು ಕಡ್ಡಾಯವಾಗಿರುವುದು ದೊಡ್ಡ ಉಪಕಾರವೇ ಸರಿ. ಆದರೆ ಆ ನಿಯಮದ ದೃಷ್ಟಿಯಲ್ಲಿ ಜೇನುತುಪ್ಪವು ಮಾಂಸಾಹಾರವಲ್ಲ. ಶ್ರಾವಕನಿಗೋ ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣಗಳಲ್ಲಿಯೇ ಸೇರಿದೆ. ಹೆಸರಿನಲ್ಲಿಯೇ ಜೇನನ್ನು ಇಟ್ಟುಕೊಂಡಿರುವ ಮಧುಗಿರಿಯ ಶ್ರಾವಕರಿಗೂ ಈ ತ್ಯಾಗ ತಪ್ಪಿದ್ದಲ್ಲ. ಬಾತುಕೋಳಿಗಳ ಗಂಟಲಿಗೆ ಕೊಳವೆಯಿಟ್ಟು ಬಲವಂತವಾಗಿ ತಿನ್ನಿಸಿ, ಅವುಗಳ ಪಿತ್ತಜನಕಾಂಗವನ್ನು ಕೊಬ್ಬಿಸಿ ಮಾಡುವ ಫ್ವಾಗ್ರಾ ಎಂಬ ಖಾದ್ಯವನ್ನು ಫ್ರಾನ್ಸಿನ 2006ರ ಕಾನೂನು ರಾಷ್ಟ್ರದ ಪಾಕಪರಂಪರೆಯ ಅಂಗವೆಂದು ರಕ್ಷಿಸಿತು. ಭಾರತವು 2014ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ಒಂದೇ ಹಕ್ಕಿಯ ನೋವು ಒಂದು ದೇಶದಲ್ಲಿ ಪರಂಪರೆಯಾಯಿತು, ಇನ್ನೊಂದರಲ್ಲಿ ನಿಷಿದ್ಧವಾಯಿತು. ಕಾನೂನು ಗಡಿಯೊಂದಿಗೆ ಬದಲಾಗುತ್ತದೆ. ಹಕ್ಕಿಯ ವೇದನೆ ಬದಲಾಗುವುದಿಲ್ಲ.

ಪ್ರವಾಸದಲ್ಲಿ ರಾತ್ರಿಭೋಜನತ್ಯಾಗದ ತೊಡಕೂ ಇದೆ. ಪ್ಯಾರಿಸ್ಸಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯನು ಮುಳುಗುವಾಗ ಗಡಿಯಾರ ಹತ್ತರ ಹತ್ತಿರವಿರುತ್ತದೆ. ಡಿಸೆಂಬರಿನಲ್ಲಿ ಐದಕ್ಕೆ ಮೊದಲೇ ಅಸ್ತವಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿಯ ಸಂಜೆಯೂಟವೂ ಹಗಲೂಟವೇ. ಚಳಿಗಾಲದಲ್ಲಿ ಕಚೇರಿಯಿಂದ ಹೊರಬರುವ ಮೊದಲೇ ಊಟದ ಹೊತ್ತು ಮೀರಿರುತ್ತದೆ. ವ್ರತವು ಗಡಿಯಾರವನ್ನಲ್ಲ, ಸೂರ್ಯನನ್ನು ಅನುಸರಿಸುತ್ತದೆಂಬುದು ಅಲ್ಲಿ ಪ್ರತ್ಯಕ್ಷವಾಗುತ್ತದೆ.

ಸಾಮಗ್ರಿಯೆಲ್ಲ ಶುದ್ಧವೇ ಆದರೂ ಕೊನೆಯ ಪ್ರಶ್ನೆಯೊಂದು ಉಳಿಯುತ್ತದೆ: ಭೋಗದ ಮಿತಿ. ಅನೇಕ ಹಂತಗಳಲ್ಲಿ ಸಾವಧಾನವಾಗಿ ನಡೆಯುವ ಫ್ರೆಂಚರ ಭೋಜನಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆತುರವಿಲ್ಲದೆ, ಮುಂದಿರುವ ಅನ್ನವನ್ನು ಗಮನಿಸಿ, ಬಂಧುಗಳೊಡನೆ ಉಣ್ಣುವ ಆ ಕ್ರಮದಲ್ಲಿ ಕಲಿಯತಕ್ಕದ್ದು ನಿಶ್ಚಯವಾಗಿಯೂ ಇದೆ. ಆದರೆ ಹೊಟ್ಟೆ ತುಂಬಿದ ಮೇಲೂ ನಾಲಿಗೆಗಾಗಿ ಮುಂದುವರಿಯುವ ಹಂತಗಳನ್ನು ಭೋಗೋಪಭೋಗ ಪರಿಮಾಣವ್ರತವು ಒಪ್ಪಲಾರದು. ರತ್ನಾಕರವರ್ಣಿಯ ಭರತೇಶನು ಭೋಗದ ನಡುವೆಯೂ ಯೋಗಿಯಾಗಿದ್ದನೆಂದು ಹೇಳಿ ನಾಲಿಗೆಯನ್ನು ಸಮರ್ಥಿಸಿಕೊಳ್ಳುವುದು ಸುಲಭ. ಆ ಭರತೇಶನೇ ಕೊನೆಗೆ ಷಟ್ಖಂಡದ ಸಾಮ್ರಾಜ್ಯವನ್ನು ತೊರೆದು ಹೊರಟನೆಂಬುದನ್ನು ಹಾಗೆ ಹೇಳುವವರು ಮರೆಯಬಾರದು.

ಬಸದಿಗಳ ಆಡಳಿತ ಮಂಡಳಿಗಳು ಈ ದಿಶೆಯಲ್ಲಿ ಚಿಕ್ಕದಾದರೂ ಉಪಯುಕ್ತವಾದ ಕಾರ್ಯವನ್ನು ಮಾಡಬಹುದು. ಪರದೇಶಕ್ಕೆ ಹೊರಟ ಯುವಕ ಯುವತಿಯರಿಗೆ ನಿಷೇಧಗಳ ಪಟ್ಟಿಯೊಂದನ್ನೇ ಕೊಡುವುದಕ್ಕಿಂತ, ಮೂಳೆರಸ, ಜೆಲಟಿನ್, ರೆನೆಟ್, ಮೊಟ್ಟೆ, ಮದ್ಯ, ಕಂದಮೂಲಗಳ ಹೆಸರುಗಳನ್ನು ಆಯಾ ದೇಶದ ಭಾಷೆಯಲ್ಲಿ ಬರೆದ ಅಂಗೈಯಗಲದ ಚೀಟಿಯನ್ನು ಕೊಡಬಹುದು. ವಿನಯದಿಂದ ಕೇಳುವುದನ್ನು ಮಕ್ಕಳಿಗೆ ಕಲಿಸಬಹುದು. ನಾಚಿಕೆಯಿಂದ ಮುರಿದ ವ್ರತಗಳ ಸಂಖ್ಯೆ ಆಸೆಯಿಂದ ಮುರಿದವುಗಳಿಗಿಂತ ಕಡಿಮೆಯಿರಲಾರದು.

ಅಜ್ಜಿಯ ಪ್ರಶ್ನೆಗೆ ಮೊಮ್ಮಗಳು ಮೊದಲು ಸಂಕೋಚಪಟ್ಟಳು. ಬಳಿಕ ಬಡಿಸುವವನನ್ನು ಕರೆದು ಕೇಳಿದಳು. ಅವನು ಒಳಗೆ ಹೋಗಿ ವಿಚಾರಿಸಿ ಬಂದು, ಸೂಪಿನ ನೀರು ಕೋಳಿಯ ಮೂಳೆಯದೆಂದು ಒಪ್ಪಿಕೊಂಡನು. ಪ್ಯಾರಿಸ್ಸಿನಲ್ಲಿ ತಾನು ಕೇಳದೆ ಕುಡಿದ ಬಟ್ಟಲುಗಳು ಅವಳ ನೆನಪಿಗೆ ಬಂದವು, ಮುಖ ಬಾಡಿತು. ಅಜ್ಜಿ ಗದರಲಿಲ್ಲ. “ಇವತ್ತು ಕೇಳಿದೆಯಲ್ಲ, ಇನ್ನು ಮುಂದೆ ಕೇಳು” ಎಂದರಷ್ಟೆ. ಅಡುಗೆಯವನು ಕಾವಲಿಯನ್ನು ತೊಳೆದು, ಹುರುಳಿಯಲ್ಲದ, ಬಕ್‌ವೀಟ್ ಎಂಬ ಧಾನ್ಯದ ಹಿಟ್ಟು, ನೀರು, ಉಪ್ಪುಗಳಿಂದಲೇ ತೆಳ್ಳಗೆ ಹುಯ್ದ ಬ್ರಿಟನಿ ಸೀಮೆಯ ಗಾಲೆತ್ ಒಂದನ್ನು ಟೊಮೆಟೊ ಹಣ್ಣಿನೊಂದಿಗೆ ಮಾಡಿಕೊಟ್ಟನು. ಅಜ್ಜಿ ಅದನ್ನು ಮುರಿದು ಬಾಯಿಗಿಟ್ಟುಕೊಂಡು, “ನಮ್ಮ ದೋಸೆ ಹಾಗೇ ಇದೆ, ಚೆನ್ನಾಗಿದೆ ಕಣಮ್ಮ” ಎಂದರು. ಇನ್ನೊಂದು ಹೇಳಲೇ ಎಂದು ಮೊಮ್ಮಗಳು ಕೇಳಿದಾಗ, “ಸಾಕು” ಎಂದರು.

ಕೇಳುವುದು, ತಿಳಿದು ಸಂತೋಷವಾಗಿ ಉಣ್ಣುವುದು, ಸಾಕೆನ್ನುವುದು: ಈ ಮೂರು ಕೂಡಿದಲ್ಲಿ ಊರು ಯಾವುದಾದರೂ ಶ್ರಾವಕನ ಊಟವು ಶುದ್ಧವಾಗಿಯೇ ಉಳಿದೀತು.