ಅರಿಶಿಣ ಹಾಕಿದ ರೇಡಿಯೇಟರ್

ಅಪ್ಪನ ಅಂಬಾಸಿಡರ್ ಮಾರೋದು ಅಂತ ಕಳೆದ ದೀಪಾವಳಿಗೆ ತೀರ್ಮಾನವಾಯಿತು. 1986ರ ಮಾಡೆಲ್, ಪೆಟ್ರೋಲ್, 1489 ಸಿಸಿ ಇಂಜಿನ್. ಅಪ್ಪನಿಗೆ ಈಗ 72. ಕ್ಲಚ್ ತುಳಿದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ನಾನಿರೋದು ಬೆಂಗಳೂರಲ್ಲಿ, ಗಾಡಿ ಗಳಗನಾಥದ ಮನೆ ಮುಂದೆ ಬೇವಿನ ಗಿಡದ ಕೆಳಗೆ ಎಲೆ ಹೊದ್ದುಕೊಂಡು ನಿಂತಿರುತ್ತಿತ್ತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಸೋದು ನಿಲ್ಲಿಸಿದ ಮೇಲೆ ಇಂಥ ಗಾಡಿಗಳನ್ನು ಹುಡುಕಿಕೊಂಡು ಬರುವವರು ಶುರುವಾಗಿದ್ದಾರೆ. ಬ್ಯಾಡಗಿ ಕಡೆಯ ಹುಡುಗನೊಬ್ಬ ಮದುವೆಗಳಿಗೆ ಬಾಡಿಗೆ ಬಿಡೋಕೆ ಬೇಕು ಅಂದ. 1,20,000ಕ್ಕೆ ಮಾತಾಯಿತು.

ಒಂದೇ ತೊಂದರೆ. ಗಾಡಿ ನೀರು ಕುಡಿಯುತ್ತಿತ್ತು.

ಅವನು ನೋಡೋಕೆ ಬರುವ ನಾಲ್ಕು ದಿನ ಮೊದಲು ಹಾವೇರಿಗೆ ಹೊರಟಿದ್ದೆ. ಗುತ್ತಲದ ಹತ್ತಿರ ಟೆಂಪರೇಚರ್ ಮುಳ್ಳು ಮೇಲಕ್ಕೇರಿ, ಬಾನೆಟ್ ಸಂದಿಯಿಂದ ಹಬೆ ಬಂತು. ಬಿಸಿಯಾದ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಅನ್ನೋದು ಗೊತ್ತಿತ್ತು. ಅದೂ ಕುಕ್ಕರ್ ಇದ್ದ ಹಾಗೆ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಸುಮ್ಮನಿರುತ್ತದೆ, ಮುಚ್ಚಳ ತೆಗೆದರೆ ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದು, ನೀರು ತುಂಬಿಸಿ, ವಾಪಸ್ ಬಂದೆ.

ಮರುದಿನ ನಾನು ಮಾಡಿದ್ದು ಪತ್ತೆಯಲ್ಲ, ಹರಕೆ. ರೇಡಿಯೇಟರ್ ಮುಚ್ಚಳ ಬದಲಿಸಿದೆ. ಮೇಲಿನ ಹೋಸ್ ಪೈಪು ಬದಲಿಸಿದೆ. ಕ್ಲಾಂಪ್ ಬಿಗಿ ಮಾಡಿದೆ. ಎಲ್ಲವೂ ಅಗ್ಗದ ಸಾಮಾನು. ಕಾರಣ ಇಲ್ಲೇ ಎಲ್ಲೋ, ಐದುನೂರು ರೂಪಾಯಿಯೊಳಗೇ ಇರಲಿ ಅಂತ ಆಸೆ. ಆಫೀಸಲ್ಲೂ ನಾವು ಹೀಗೇ ಅಲ್ಲವೇ? ಬಗ್ ಎಲ್ಲಿರಬಹುದು ಅಂತ ಹುಡುಕೋದಕ್ಕಿಂತ, ಎಲ್ಲಿದ್ದರೆ ನಮಗೆ ಅನುಕೂಲವೋ ಅಲ್ಲಿ ಮೊದಲು ಹುಡುಕುತ್ತೇವೆ.

ಗುತ್ತಲದಿಂದ ಬಂದ ಮಿಸ್ತ್ರಿ ಮಾತ್ರ ಸ್ಪ್ಯಾನರ್ ಮುಟ್ಟಲಿಲ್ಲ. ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸೋಕೆ ಹೇಳಿ ಹೋದರು. ಬೆಳಿಗ್ಗೆ ನೋಡಿದರೆ ರಟ್ಟು ಒಣಗಿತ್ತು. ರೇಡಿಯೇಟರಿನಲ್ಲಿ ಮಾತ್ರ ಒಂದು ತಂಬಿಗೆ ನೀರು ಕಮ್ಮಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಪಸೆಯಿಲ್ಲ. ಬ್ಲಾಕಿನ ಪಕ್ಕದ ಪ್ಲಗ್ಗುಗಳಲ್ಲಿ ತುಕ್ಕಿನ ಗೆರೆಯಿಲ್ಲ.

"ಹೊರಗ ಸೋರಿಲ್ಲ ತಮ್ಮಾ. ಹಂಗಾರ ಒಳಗ ಹೊಂಟೈತಿ" ಅಂದರು.

ಡಿಪ್‌ಸ್ಟಿಕ್ ಎಳೆದರು. ಆಯಿಲ್ ಕಪ್ಪಗಿತ್ತು, ಹಾಲು ಬೆರೆತ ಚಹಾದ ಬಣ್ಣ ಬಂದಿರಲಿಲ್ಲ. ಆಯಿಲ್‌ಗೆ ನೀರು ಸೇರಿಲ್ಲ. ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿದರು. ರೇಡಿಯೇಟರಿನ ಬಾಯಲ್ಲಿ ಸಣ್ಣ ಗುಳ್ಳೆಗಳು ಬಿಡದೆ ಏಳುತ್ತಿದ್ದವು. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಹೆಚ್ಚು. ಇಂಜಿನ್ ನಿಲ್ಲಿಸಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಮೂರು ಕಂದು ಬಣ್ಣ, ಒಂದು ತೊಳೆದಿಟ್ಟ ಹಾಗೆ ಬೆಳ್ಳಗೆ. ಉರಿಯುವ ಜಾಗಕ್ಕೆ ನೀರು ಹೋಗುತ್ತಿತ್ತು, ಅಲ್ಲಿನ ಗ್ಯಾಸ್ ನೀರಿಗೆ ಬರುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ.

ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅವರು ನಿಲ್ಲಿಸಲಿಲ್ಲ. "ಗ್ಯಾಸ್ಕೆಟ್ ತಾನಾಗೇ ಸುಡೂದಿಲ್ಲ" ಅಂತ ರೇಡಿಯೇಟರ್ ಇಳಿಸಿ ತಲೆಕೆಳಗು ಮಾಡಿದರು. ಬೋರ್‌ವೆಲ್ ನೀರಿನ ಸುಣ್ಣದ ಚಕ್ಕೆಗಳ ಜೊತೆ ಹಳದಿ ರಾಡಿ ಬಂತು. ಅರಿಶಿಣ.

ಓದುಗರಲ್ಲಿ ಸಿಟಿಯವರಿಗೆ ಇದು ಹೊಸದಿರಬಹುದು. ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಡ್ರೈವರುಗಳು ಒಂದು ಮುಷ್ಟಿ ಅರಿಶಿಣ ಪುಡಿ ಹಾಕುತ್ತಾರೆ. ಪುಡಿ ನೀರಲ್ಲಿ ಉಬ್ಬಿ ತೂತಿಗೆ ಕಚ್ಚಿಕೊಳ್ಳುತ್ತದೆ. ಊರು ಮುಟ್ಟುವವರೆಗೆ ಒಳ್ಳೆ ಉಪಾಯ. ಆದರೆ ತೂತು ಯಾವುದು, ನೀರು ಹರಿಯುವ ಸಣ್ಣ ನಳಿಗೆ ಯಾವುದು ಅನ್ನೋದು ಅರಿಶಿಣಕ್ಕೆ ಗೊತ್ತಾಗೋದಿಲ್ಲ, ಎರಡನ್ನೂ ಮುಚ್ಚುತ್ತದೆ. ನಳಿಗೆ ಕಟ್ಟಿದರೆ ಇಂಜಿನ್ ಕಾಯುತ್ತದೆ, ಕಾದ ಇಂಜಿನ್ ಗ್ಯಾಸ್ಕೆಟ್ ಸುಡುತ್ತದೆ. ಸಣ್ಣ ಸೋರಿಕೆ ಮುಚ್ಚಿದ್ದೇ ದೊಡ್ಡ ಸೋರಿಕೆಗೆ ಕಾರಣ.

ಹಾಕಿದ್ದು ಯಾರು ಅಂತ ಕೇಳಬೇಕಾಗಿರಲಿಲ್ಲ. ಅಪ್ಪ ಕಟ್ಟೆ ಮೇಲೆ ಕೂತು ಆ ಕಡೆ ನೋಡುತ್ತಿದ್ದರು. ಮೂರು ವರ್ಷದಿಂದ ಹಾಕುತ್ತಿದ್ದರಂತೆ. ಮೆಣಸಿನಕಾಯಿ ಚೀಲದ ಕೆಳಗೆ ಬಣ್ಣಗೆಟ್ಟ ಕಾಯಿ ತುಂಬಿ ಮೇಲೆ ಕೆಂಪಗಿನದು ಜೋಡಿಸೋದನ್ನ ಜೀವಮಾನದಲ್ಲಿ ಮಾಡದ ಮನುಷ್ಯ. "ನನ್ನ ಗಾಡಿ, ನನ್ನ ಅರಿಶಿಣ. ಯಾರಿಗೆ ಮೋಸ ಮಾಡೇನಿ?" ಅಂದರು. ನಿಜ. ಆ ಹೊತ್ತಿಗೆ ಯಾರಿಗೂ ಮೋಸವಾಗಿರಲಿಲ್ಲ.

ಹೆಡ್ ಬಿಚ್ಚೋದು, ಗ್ಯಾಸ್ಕೆಟ್, ಹೊಸ ರೇಡಿಯೇಟರ್, ಕೂಲಿ ಎಲ್ಲ ಸೇರಿ ಸುಮಾರು 30,000 ಅಂದರು ಮಿಸ್ತ್ರಿ. ಅಷ್ಟು ಹಾಕಿ ಮಾರೋದು ಯಾಕೆ ಅನ್ನಿಸಿತು. ಇಳಿಸಿದ್ದನ್ನು ಹಾಗೇ ಜೋಡಿಸಿದರು. ಹುಡುಗ ಬಂದ ದಿನ ಬೆಳಿಗ್ಗೆ ನಾನೇ ನೀರು ತುಂಬಿಸಿಟ್ಟಿದ್ದೆ. ಅವನು ಹೊಳೆ ತನಕ ಹೋಗಿ ಬಂದ, ಹದಿನೈದು ನಿಮಿಷ. ಅಷ್ಟರಲ್ಲಿ ಮುಳ್ಳು ಏರೋದಿಲ್ಲ ಅಂತ ನನಗೆ ಗೊತ್ತಿತ್ತು.

"ಇಂಜಿನ್ ಹೆಂಗೈತ್ರಿ ಸರ?"

"ನೀವೇ ಓಡಿಸಿ ನೋಡಿದ್ರಲ್ಲ" ಅಂದೆ.

ಅವನು ನಕ್ಕು 5,000 ಮುಂಗಡ ಕೊಟ್ಟ. ನನ್ನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಈ ಪ್ರಶ್ನೆ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಮನೆ ಮಾರುತ್ತಾನೆ. ಮರ ಲಡ್ಡಾಗಿದೆ, ಮಲಗುವ ಕೋಣೆಗಳಲ್ಲಿ ಹಾವು ಬರುತ್ತವೆ. ಯಜಮಾನನಿಗೆ ಮಾತ್ರ ಗೊತ್ತು. ಹೇಳಬೇಕೇ? ಡಯೋಜಿನಿಸ್ ಎಂಬ ತತ್ವಜ್ಞಾನಿಯ ವಾದ: ಕೊಳ್ಳು ಅಂತ ಯಾರೂ ಒತ್ತಾಯಿಸಿಲ್ಲ, ಹೇಳದೇ ಇರೋದೂ ಮುಚ್ಚಿಡೋದೂ ಒಂದೇ ಅಲ್ಲ. ಅವನ ಶಿಷ್ಯ ಆಂಟಿಪೇಟರ್ ಒಪ್ಪೋದಿಲ್ಲ: ಗೊತ್ತಿದ್ದೂ ಇನ್ನೊಬ್ಬನನ್ನು ತಪ್ಪು ದಾರಿಗೆ ಹಚ್ಚೋದು ಅದು. ಸಿಸೆರೋ ನಿಲ್ಲೋದು ಶಿಷ್ಯನ ಕಡೆ. ಇನ್ನು ಹಳೇ ಕಾರಿನ ವಿಷಯಕ್ಕೇ ಬಂದರೆ, ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧವಿದೆ. 2001ರಲ್ಲಿ ನೊಬೆಲ್ ಬಂದಿದ್ದು ಈ ಸಾಲಿನ ಕೆಲಸಕ್ಕೆ. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಯನ್ನೂ ಅನುಮಾನದಿಂದಲೇ ನೋಡಿ ಕಮ್ಮಿ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿಯವರು ಮಾರೋದೇ ಇಲ್ಲ. ಕೊನೆಗೆ ಸಂತೆಯಲ್ಲಿ ಉಳಿಯೋದು ಅರಿಶಿಣ ಹಾಕಿದವು.

ಹಾಗಂತ ಎಲ್ಲವನ್ನೂ ಹೇಳಬೇಕೇ? 1986ರ ಗಾಡಿಯಲ್ಲಿ ನೂರು ದೋಷ. ಸೀಟು ಹರಿದಿದೆ, ಬಾಗಿಲು ಕಿರಗುಟ್ಟುತ್ತದೆ, ಅವನ್ನು ಅವನೇ ನೋಡಿದ. ಬೆಲೆಯಲ್ಲಿ ಅವೆಲ್ಲ ಸೇರಿವೆ. ನನಗೆ ಕಾಣುವ ಗೆರೆ ಇದು: ನಾನು ಹುಡುಕಿದ್ದರಿಂದ ನನಗೆ ಸಿಕ್ಕಿದ್ದು, ಅವನು ಹದಿನೈದು ನಿಮಿಷದಲ್ಲಿ ಹುಡುಕಿದರೂ ಸಿಗದೇ ಇರೋದು, ನಾಳೆ ಅದರ ಖರ್ಚು ಬೀಳೋದು ಅವನ ಮೇಲೆ. ಈ ಮೂರೂ ಕೂಡಿದರೆ ಸುಮ್ಮನಿರೋದು ಸುಳ್ಳೇ. ತೇಪೆ ಹಾಕೋದು ತಪ್ಪಲ್ಲ. ತೇಪೆಯ ಸುದ್ದಿ ಹೇಳದೆ ವಸ್ತು ಕೈ ಬದಲಿಸಿದಾಗ ಅದು ಮೋಸವಾಗುತ್ತದೆ.

ಇಷ್ಟೆಲ್ಲ ಯೋಚಿಸಿ ಮರುದಿನ ಹುಡುಗನಿಗೆ ಫೋನ್ ಮಾಡಿದೆ, ಗ್ಯಾಸ್ಕೆಟ್, ಅರಿಶಿಣ, ಬೆಳಿಗ್ಗೆ ತುಂಬಿಸಿದ ನೀರು ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ವಾರದ ನಂತರ 85,000 ಆದರೆ ತಗೊಳ್ತೀನಿ ಅಂದ. ಕೊಟ್ಟೆವು.

ನನಗೆ ನನ್ನ ಬಗ್ಗೆ ಒಂಥರಾ ಹೆಮ್ಮೆ ಬಂದಿತ್ತು. ಆ ಉಮೇದಿನಲ್ಲೇ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಆಫೀಸಿನ ಒಂದು ಕಥೆ ಹೇಳಿಬಿಟ್ಟೆ. ಎರಡು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವಿಸ್‌ನಲ್ಲಿ ಮೆಮೊರಿ ಲೀಕ್ ಇತ್ತು. ಎಲ್ಲಿ ಸೋರುತ್ತಿದೆ ಅಂತ ಹುಡುಕೋ ಬದಲು, ದಿನಾ ರಾತ್ರಿ 3 ಗಂಟೆಗೆ ತಾನೇ ರೀಸ್ಟಾರ್ಟ್ ಆಗೋ ಹಾಗೆ ಸ್ಕ್ರಿಪ್ಟ್ ಬರೆದಿಟ್ಟೆ. ಆಮೇಲೆ ಬೇರೆ ಟೀಮಿಗೆ ಹೋದೆ. ಹ್ಯಾಂಡೋವರ್ ಡಾಕ್ಯುಮೆಂಟಿನಲ್ಲಿ ಅದನ್ನು ಬರೆಯಲಿಲ್ಲ. ಲೋಡ್ ಹೆಚ್ಚಾದ ಒಂದು ವಾರ, 3 ಗಂಟೆ ಆಗೋ ಮೊದಲೇ ಸರ್ವರ್ ಬಿದ್ದಿತು. ಹೊಸದಾಗಿ ಸೇರಿದ್ದ ಹುಡುಗಿ ನಾಲ್ಕು ರಾತ್ರಿ ನಿದ್ದೆಗೆಟ್ಟು ಹುಡುಕಿದಳು. ಮೀಟಿಂಗಿನಲ್ಲಿ ಎಲ್ಲರೂ ಲೋಡ್ ಜಾಸ್ತಿ ಅಂದರು. ನಾನೂ ಅಲ್ಲೇ ಇದ್ದೆ. ಆ ವರ್ಷದ ಅಪ್ರೈಸಲ್‌ನಲ್ಲಿ ಅವಳಿಗೆ, ಸಮಸ್ಯೆ ಬಗೆಹರಿಸೋದು ನಿಧಾನ ಅಂತ ಬಂತಂತೆ.

"ಅದೂ ಅರಿಶಿಣನೇ ನೋಡು ಅಪ್ಪಾ" ಅಂತ ನಕ್ಕೆ.

ಅಪ್ಪ ನಗಲಿಲ್ಲ. ರೊಟ್ಟಿ ಮುರಿಯುತ್ತಾ, "ನನ್ನ ಗಾಡಿ ಮ್ಯಾಲ ಖರೇ ಹೇಳಿದಿ. ಮೂವತ್ತೈದು ಸಾವಿರ ಹೋತು, ಹೋಗ್ಲಿ, ಅದು ಹೇಳಬೇಕಾದ್ದೇ. ನಿಂದು ಯಾವಾಗ ಹೇಳ್ತಿ?" ಅಂದರು.

ಉತ್ತರ ಇರಲಿಲ್ಲ. ನಾನು ಹೇಳಿದ ನಿಜಕ್ಕೆ ಬೆಲೆ ಕೊಟ್ಟವರು ಅಪ್ಪ. ನನ್ನ ಜೇಬಿನಿಂದ ಒಂದು ರೂಪಾಯಿ ಹೋಗಿರಲಿಲ್ಲ. ಇನ್ನೊಬ್ಬರ ಖರ್ಚಿನಲ್ಲಿ ಪ್ರಾಮಾಣಿಕನಾಗೋದು ಎಷ್ಟು ಸಲೀಸು ಅಂತ ಅವತ್ತು ಗೊತ್ತಾಯಿತು.

ಬೆಂಗಳೂರಿಗೆ ಬಂದ ಮೇಲೂ ಒಂಬತ್ತು ದಿನ ತಗೊಂಡೆ. ಅಷ್ಟು ದಿನ ನನ್ನೊಳಗೆ ಡಯೋಜಿನಿಸನೇ ಮಾತಾಡುತ್ತಿದ್ದ: ಯಾರೂ ಕೇಳಿಲ್ಲ, ಈಗ ಹಳೇ ಮಾತು, ಪ್ರೊಮೋಷನ್ ಸಮಯ. ಹತ್ತನೇ ದಿನ ಅವಳಿಗೂ ಅವಳ ಮ್ಯಾನೇಜರಿಗೂ ನನ್ನ ಮ್ಯಾನೇಜರಿಗೂ ಒಟ್ಟಿಗೆ ಮೇಲ್ ಬರೆದೆ. ಸ್ಕ್ರಿಪ್ಟ್ ನನ್ನದು, ಲೀಕ್ ಇರೋದು ಮೊದಲೇ ಗೊತ್ತಿತ್ತು, ಮೀಟಿಂಗಿನಲ್ಲಿ ಹೇಳಲಿಲ್ಲ. ಆ ಸ್ಕ್ರಿಪ್ಟ್ ಇನ್ನೂ ಓಡುತ್ತಿದೆ.

ನನ್ನ ಮ್ಯಾನೇಜರ್ ಮಾತಾಡೋಣ ಅಂತ ಶುಕ್ರವಾರಕ್ಕೆ ಸಮಯ ಹಾಕಿದರು. ಅವಳ ಉತ್ತರ ಒಂದೇ ಸಾಲು: ಸೋರುತ್ತಿರೋದು ಎಲ್ಲಿ ಅಂತ ಈಗಲಾದರೂ ಜೊತೆಗೆ ಕೂತು ಹುಡುಕೋಣವಾ?