ಮುಂದಿರುವವನ ಬೆನ್ನು

ಓಟದಲ್ಲಿ ಮೊದಲಿಗನಾಗಲು ಎರಡು ದಾರಿಗಳಿವೆ. ಉಳಿದವರಿಗಿಂತ ಜೋರಾಗಿ ಓಡುವುದು ಒಂದು, ಉಳಿದವರು ಓಡದಂತೆ ನೋಡಿಕೊಳ್ಳುವುದು ಇನ್ನೊಂದು. ಅರ್ಥಶಾಸ್ತ್ರದ ಪಿತಾಮಹನೆಂದೇ ನಾವು ಓದಿರುವ ಆಡಂ ಸ್ಮಿತ್, 1759ರಲ್ಲಿ ಬರೆದ ನೀತಿಶಾಸ್ತ್ರದ ಪುಸ್ತಕದಲ್ಲಿ ಇದೇ ಓಟದ ಹೋಲಿಕೆ ತರುತ್ತಾನೆ. ಸಂಪತ್ತು ಮತ್ತು ಕೀರ್ತಿಯ ಓಟದಲ್ಲಿ ಮನುಷ್ಯ ತನ್ನ ನರನಾಡಿಗಳನ್ನೆಲ್ಲ ಬಿಗಿದು ಓಡಬಹುದು, ನೋಡುವವರು ಅದನ್ನು ಒಪ್ಪುತ್ತಾರೆ. ಆದರೆ ಪಕ್ಕದವನನ್ನು ತಳ್ಳಿದ, ಬೀಳಿಸಿದ ಎಂದಾದರೆ ಆ ಕ್ಷಣಕ್ಕೆ ಅವರ ಸಹಾನುಭೂತಿ ಮುಗಿಯಿತು. ಸ್ಮಿತ್‌ನ ಮಟ್ಟಿಗೆ ಗೆರೆ ಸ್ಪಷ್ಟ: ಓಡು, ತಳ್ಳಬೇಡ.

ತಳ್ಳುವುದನ್ನೇ ನಿಯಮವಾಗಿಸಿದ ಓಟವೊಂದು 1995ರಲ್ಲಿ ಬಂತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ಸಿಗ್ನೋಸಿಸ್ ಎಂಬ ಸಂಸ್ಥೆ, ಯುರೋಪಿನಲ್ಲಿ ಮೊದಲ ಪ್ಲೇಸ್ಟೇಷನ್ ಮಾರುಕಟ್ಟೆಗೆ ಬಂದಾಗ ಅದರ ಜೊತೆಯಲ್ಲೇ ಹೊರತಂದ 'ವೈಪ್‌ಔಟ್' ಎಂಬ ವಿಡಿಯೋ ಗೇಮ್ ಅದು. ಕಾಲ 2052. ನೆಲಕ್ಕೆ ತಾಗದೆ ತೇಲುವ ವಾಹನಗಳು, ಹಾವಿನಂತೆ ಹೊರಳುವ ಟ್ರ್ಯಾಕುಗಳು, ಕಿವಿಗಪ್ಪಳಿಸುವ ಟೆಕ್ನೋ ಸಂಗೀತ. ಶೆಫೀಲ್ಡಿನ 'ದಿ ಡಿಸೈನರ್ಸ್ ರಿಪಬ್ಲಿಕ್' ವಿನ್ಯಾಸಗಾರರು ಮಾಡಿಕೊಟ್ಟ ಲಾಂಛನಗಳು ಇವತ್ತಿಗೂ ಹಳತೆನಿಸುವುದಿಲ್ಲ. (ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ ಇದನ್ನು ಆಡುವಾಗ ಪಕ್ಕದ ಕೋಣೆಯವರು ಗೋಡೆ ಬಡಿಯುವುದು ಸಂಗೀತದ ಕಾರಣಕ್ಕೆ, ಹಿಂಸೆಯ ಕಾರಣಕ್ಕಲ್ಲ.) ಟ್ರ್ಯಾಕಿನ ಮೇಲೆ ಅಲ್ಲಲ್ಲಿ ಬಣ್ಣದ ಪಟ್ಟಿಗಳಿರುತ್ತವೆ. ಅದರ ಮೇಲೆ ಹಾದರೆ ಕೈಗೊಂದು ಅಸ್ತ್ರ ಬರುತ್ತದೆ: ನೇರ ಹೋಗುವ ರಾಕೆಟ್, ಗುರಿ ಹಿಡಿದು ಅಟ್ಟಿಸಿಕೊಂಡು ಹೋಗುವ ಕ್ಷಿಪಣಿ, ಹಿಂದೆ ಬರುವವರಿಗಾಗಿ ಉದುರಿಸುವ ನೆಲಬಾಂಬು.

ಆದರೆ ಈ ಮೊದಲ ಆಟದಲ್ಲಿ ಒಂದು ವಿಶೇಷವಿದೆ. ಕ್ಷಿಪಣಿ ತಗುಲಿದರೆ ಯಾರೂ ನಾಶವಾಗುವುದಿಲ್ಲ. ವಾಹನ ಮುಗ್ಗರಿಸುತ್ತದೆ, ವೇಗ ಕಳೆದುಕೊಳ್ಳುತ್ತದೆ, ಮತ್ತೆ ಹೊರಡುತ್ತದೆ, ಅಷ್ಟೆ. ಮರುವರ್ಷ, 1996ರಲ್ಲಿ 'ವೈಪ್‌ಔಟ್ 2097' ಬಂತು. ಈಗ ಪ್ರತಿ ವಾಹನಕ್ಕೂ ಒಂದು ರಕ್ಷಾಕವಚ, ಪೆಟ್ಟು ಬಿದ್ದಂತೆಲ್ಲ ಅದರ ಶಕ್ತಿ ಕುಗ್ಗುತ್ತದೆ, ಸೊನ್ನೆಯಾದರೆ ವಾಹನ ಸಿಡಿದುಹೋಗುತ್ತದೆ. ಕವಚ ತುಂಬಿಸಿಕೊಳ್ಳಲು ಟ್ರ್ಯಾಕಿನ ಪಕ್ಕ ಒಂದು ಪಿಟ್ ಲೇನ್ ಉಂಟು. ಹೆಚ್ಚಿನವರಿಗೆ ಎರಡನೆಯದೇ ಒಳ್ಳೆಯ ಆಟ, ಆಡಲು ನನಗೂ ಅದೇ ಇಷ್ಟ. ಆದರೂ ಈ ಎರಡರ ನಡುವೆ ಬದಲಾದದ್ದು ಆಟದ ಗುಣಮಟ್ಟವಷ್ಟೇ ಅಲ್ಲ, ಎದುರಾಳಿ ಎಂಬ ಪದದ ಅರ್ಥ ಎಂದು ನನಗನಿಸುತ್ತದೆ.

ಓಟಕ್ಕೆ ಇನ್ನೊಬ್ಬ ಬೇಕೇಬೇಕು. ಒಬ್ಬನೇ ಓಡಿದರೆ ಅದು ಅಭ್ಯಾಸ, ಸ್ಪರ್ಧೆಯಲ್ಲ. ಪಕ್ಕದವನು ಚೆನ್ನಾಗಿ ಓಡಿದಷ್ಟೂ ನನ್ನ ಗೆಲುವಿಗೆ ತೂಕ. ಅಂದರೆ ಓಟಗಾರನಿಗೆ ತನ್ನ ಎದುರಾಳಿಯ ಕ್ಷೇಮದಲ್ಲಿ ಒಂದು ಪಾಲಿದೆ. ಯುದ್ಧದಲ್ಲಿ ಹಾಗಲ್ಲ. ಅಲ್ಲಿ ಎದುರಾಳಿ ಇಲ್ಲವಾಗುವುದೇ ಗೆಲುವು. ಮೊದಲ ವೈಪ್‌ಔಟ್ ಅಸ್ತ್ರ ಕೊಟ್ಟೂ ಓಟವಾಗಿಯೇ ಉಳಿಯಿತು, ಏಕೆಂದರೆ ಹೊಡೆಸಿಕೊಂಡವನು ಮುಂದಿನ ಸುತ್ತಿನಲ್ಲಿ ಮತ್ತೆ ಬೆನ್ನಿಗೆ ಬರುತ್ತಿದ್ದ. ಎರಡನೆಯದರಲ್ಲಿ ಅವನು ಬರದಿರಲೂ ಸಾಧ್ಯ.

ಇದಕ್ಕೊಂದು ಸಿದ್ಧ ಉತ್ತರವಿದೆ. ಆಟಕ್ಕಿಳಿದವರೆಲ್ಲ ನಿಯಮ ಒಪ್ಪಿ ಇಳಿದವರು, ಹಾಗಿರುವಾಗ ಅನ್ಯಾಯ ಎಲ್ಲಿಂದ ಬಂತು? ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರ 'ದಿ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಹೇಳುವಂತೆ, ಬೇಕಿಲ್ಲದ ಅಡ್ಡಿಗಳನ್ನು ಬೇಕೆಂದೇ ಮೈಮೇಲೆ ಹಾಕಿಕೊಂಡು ದಾಟುವ ಪ್ರಯತ್ನವೇ ಆಟ. ಗಾಲ್ಫ್ ಚೆಂಡನ್ನು ಕೈಯಲ್ಲೇ ಒಯ್ದು ಕುಳಿಗೆ ಹಾಕಬಹುದು, ಆದರೆ ಹಾಕುವುದಿಲ್ಲ. ಈ ಲೆಕ್ಕದಲ್ಲಿ ನನ್ನತ್ತ ಬರುವ ಕ್ಷಿಪಣಿಯೂ ನಾನೇ ಒಪ್ಪಿಕೊಂಡ ಒಂದು ಅಡ್ಡಿ, ಟ್ರ್ಯಾಕಿನ ತಿರುವಿನ ಹಾಗೆ. ಆಟದ ಮಟ್ಟಿಗೆ ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿಡಿಯೋ ಗೇಮ್ ಆಡಿದವರೆಲ್ಲ ಕ್ರೂರಿಗಳಾಗುತ್ತಾರೆ ಎಂಬ ಮಾತಿನಲ್ಲಿ ನನಗೆ ನಂಬಿಕೆಯೂ ಇಲ್ಲ, ಆಸಕ್ತಿಯೂ ಇಲ್ಲ.

ನನ್ನ ತೊಡಕು ಬೇರೆ. ನಾವು ಬದುಕುತ್ತಿರುವ ಓಟಗಳಿಗೆ ನಾವು ಯಾವಾಗ ಒಪ್ಪಿದೆವು? ಪಿಎಚ್‌ಡಿ ಮುಗಿಯುವ ಹೊತ್ತಿಗೆ ಹುದ್ದೆಯೊಂದು ಇರುತ್ತದೆ, ಒಂದೇ ಮೆಸ್ಸಿನಲ್ಲಿ ಉಂಡ ನಾಲ್ವರು ಅರ್ಜಿ ಹಾಕಿರುತ್ತಾರೆ. ಒಂದೇ ರೈಲಿನಲ್ಲಿ ಸಂದರ್ಶನಕ್ಕೆ ಹೊರಟಾಗ ಗೆಳೆಯನೊಬ್ಬ, "ನಿಮ್ಮಲ್ಲಿ ಇಬ್ಬರು ಅರಸೀಕೆರೆಯಲ್ಲಿ ಟೀ ಕುಡಿಯೋಕೆ ಇಳಿದು ರೈಲು ತಪ್ಪಿಸ್ಕೊಳ್ರಪ್ಪ, ನನಗೆ ಅಷ್ಟು ಸಾಕು" ಅಂದ. ಎಲ್ಲರೂ ನಕ್ಕೆವು. ಅವನು ತಾನು ಇನ್ನಷ್ಟು ಚೆನ್ನಾಗಿ ಉತ್ತರಿಸಬೇಕು ಎಂದು ಆಸೆಪಡಲಿಲ್ಲ, ಸಾಲು ಚಿಕ್ಕದಾಗಲಿ ಎಂದು ಆಸೆಪಟ್ಟ. ಅದರಲ್ಲಿ ದುಷ್ಟತನವಿರಲಿಲ್ಲ. ಒಂದೇ ಕುರ್ಚಿಯ ಓಟ ಒಳ್ಳೆಯ ಹುಡುಗರಿಗೂ ಕಲಿಸುವ ಗಣಿತ ಅದು. ಅಸ್ತ್ರ ಕೈಯಲ್ಲಿಲ್ಲದಿದ್ದರೂ ಕಣ್ಣು ಮುಂದಿರುವವನ ಬೆನ್ನಿನ ಮೇಲೇ ಇರುತ್ತದೆ.

ವೈಪ್‌ಔಟ್‌ಗೇ ಮರಳುತ್ತೇನೆ, ಏಕೆಂದರೆ 2005ರಲ್ಲಿ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗಾಗಿ ಬಂದ 'ವೈಪ್‌ಔಟ್ ಪ್ಯೂರ್' ಈ ಗಣಿತಕ್ಕೊಂದು ಕುತೂಹಲದ ಆಯ್ಕೆಯನ್ನು ಸೇರಿಸಿತು. ಕೈಗೆ ಬಂದ ಅಸ್ತ್ರವನ್ನು ಹಾರಿಸಬಹುದು, ಇಲ್ಲವೇ ನುಂಗಿಬಿಡಬಹುದು. ನುಂಗಿದರೆ ಅದು ಶಕ್ತಿಯಾಗಿ ನಿಮ್ಮ ಕವಚಕ್ಕೆ ಸೇರುತ್ತದೆ. ಪಿಟ್ ಲೇನ್ ಬೇಕಿಲ್ಲ. ಮೊದಲ ಬಾರಿ ಆಡಿದಾಗ ಇದೊಂದು ನೈತಿಕ ಕಲ್ಪನೆಯಂತೆ ಕಂಡಿತು: ಇನ್ನೊಬ್ಬನನ್ನು ಹೊಡೆಯಬಹುದಾದ ಬಲವೇ ನನ್ನನ್ನು ಉಳಿಸುವ ಬಲವಾಗುತ್ತದೆ!

ನಾಲ್ಕು ದಿನ ಆಡಿದ ಮೇಲೆ ಆ ಬೆರಗು ಇಳಿಯಿತು. ನಾನು ಅಸ್ತ್ರ ನುಂಗುತ್ತಿದ್ದದ್ದು ಕವಚ ಸೋತಾಗ ಮಾತ್ರ. ಕವಚ ತುಂಬಿದ್ದಾಗ ಹಾರಿಸುತ್ತಿದ್ದೆ. ಕಾಂಟ್ ಹೇಳುವ ಅಂಗಡಿಯವನ ಉದಾಹರಣೆ ಇಲ್ಲಿ ಸರಿಯಾಗಿ ಕೂರುತ್ತದೆ. ಏನೂ ತಿಳಿಯದ ಗಿರಾಕಿಗೂ ಸರಿಯಾದ ಬೆಲೆಗೇ ಮಾರುವ ವ್ಯಾಪಾರಿ, ಅಂಗಡಿಯ ಹೆಸರು ಕೆಡಬಾರದೆಂದು ಹಾಗೆ ಮಾಡುತ್ತಿದ್ದರೆ, ಅವನ ನಡತೆಯಲ್ಲಿ ದೋಷವಿಲ್ಲ, ನೀತಿಯ ಬೆಲೆಯೂ ಇಲ್ಲ. ಪ್ಯೂರ್‌ನ ಅಹಿಂಸೆ ಆ ಬಗೆಯದು. ಲಾಭವಿರುವಾಗ ಸುಮ್ಮನಿರುವುದು.

ಹಾಗಾದರೆ ಲಾಭವಿಲ್ಲದೆ ಸುಮ್ಮನಿರುವುದು ಹೇಗಿರುತ್ತದೆ? ಕನ್ನಡ ಓದಿದವರಿಗೆ ಇಲ್ಲಿ ಪಂಪ ನೆನಪಾಗದೆ ಇರುವುದು ಕಷ್ಟ. 941ರ 'ಆದಿಪುರಾಣ'ದಲ್ಲಿ ಭರತ, ಬಾಹುಬಲಿಯರ ಸೈನ್ಯಗಳು ಎದುರುಬದುರಾಗಿ ನಿಂತಾಗ ಯುದ್ಧದ ಬದಲು ಪಂದ್ಯಗಳು ಗೊತ್ತಾಗುತ್ತವೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಕೊಲ್ಲುವುದನ್ನು ತೆಗೆದುಹಾಕಿ ಸ್ಪರ್ಧೆಯನ್ನಷ್ಟೇ ಉಳಿಸಿಕೊಂಡ ಏರ್ಪಾಡು. ಮೂರರಲ್ಲೂ ಸೋತ ಭರತ ಚಕ್ರ ಎಸೆಯುತ್ತಾನೆ. ಹಿಂದೆ ಬಿದ್ದವನು ಪಂದ್ಯವನ್ನು ಮತ್ತೆ ಯುದ್ಧವಾಗಿಸುವ ಗಳಿಗೆ ಅದು. ಆ ಚಕ್ರ ತಮ್ಮನಿಗೆ ಸುತ್ತುಬಂದು ನಿಂತುಬಿಡುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕಿಂತ ಮೊದಲಿನ ಚಿತ್ರ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿಹಿಡಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸುವುದಿಲ್ಲ, ಇಳಿಸುತ್ತಾನೆ. ಅಪ್ಪಳಿಸುವುದು ಪಂದ್ಯದ ನಿಯಮಕ್ಕೆ ವಿರುದ್ಧವೇನಲ್ಲ. ಇಳಿಸಿದ್ದರಿಂದ ಅವನಿಗೆ ಒಂದಂಕವೂ ಹೆಚ್ಚಿಗೆ ಸಿಗುವುದಿಲ್ಲ. ಕೊನೆಗೆ ಅವನು ಗೆದ್ದ ನೆಲವನ್ನೂ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ.

ನಾವೆಲ್ಲ ಹಾಗೆ ಹೊರಟುಹೋಗಬೇಕೆಂದು ನನಗೆ ಅನಿಸುವುದಿಲ್ಲ. ನನಗೂ ಆ ಹುದ್ದೆ ಬೇಕು. ಮುಂದಿನ ಅರ್ಜಿಯನ್ನೂ ಹಾಕಿದ್ದೇನೆ. ಅದೇ ಗೆಳೆಯನೂ ಹಾಕಿದ್ದಾನೆ, ನನ್ನ ಸಂಶೋಧನಾ ಪ್ರಸ್ತಾವನೆಯನ್ನು ಓದಿ ತಿದ್ದಿಕೊಟ್ಟವನೂ ಅವನೇ. ಕೆಂಪು ಪೆನ್ನಿನಲ್ಲಿ ಮೂರು ಪುಟ.

ವೈಪ್‌ಔಟ್‌ನಲ್ಲಿ ಕ್ಷಿಪಣಿಯನ್ನು ಹಾರಿಸದೆ, ನುಂಗದೆ, ಸುಮ್ಮನೆ ಇಟ್ಟುಕೊಂಡೇ ಕೊನೆಯ ಗೆರೆ ದಾಟಲು ಅಡ್ಡಿಯೇನಿಲ್ಲ. ಒಂದೆರಡು ಸಲ ಹಾಗೆ ಮಾಡಿ ನೋಡಿದ್ದೇನೆ. ಓಟ ಮುಗಿದ ಮೇಲೆ ಪರದೆಯ ಮೇಲೆ ಸ್ಥಾನ ಬರುತ್ತದೆ, ಸಮಯ ಬರುತ್ತದೆ. ಉಳಿದುಹೋದ ಕ್ಷಿಪಣಿಗೆ ಅಲ್ಲಿ ಕಲಮು ಇಲ್ಲ.