ಇಂದಿನ ಧಮ್ಮ ಚಿಂತನೆ: ಕೂಸಿನ ತೂಕ ಯಾರ ಕರ್ಮ?



ಕೂಸು ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟಿದರೆ ‘ಹಿಂದಿನ ಜನ್ಮದ ಫಲ’ ಎನ್ನುವವರು ಇವತ್ತಿಗೂ ಇದ್ದಾರೆ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಈ ನಂಬಿಕೆಗೆ ವಂಶವಾಹಿ ವಿಜ್ಞಾನವನ್ನೇ ಎದುರಿಟ್ಟರು.

ಆದರೂ ನನಗೊಂದು ಅಳುಕು. ಕರ್ಮವನ್ನು ಎಬ್ಬಿಸಿ ಅದೇ ಜಾಗದಲ್ಲಿ ಜೀನನ್ನು ಕೂರಿಸುತ್ತಿದ್ದೇವೆಯೇ? ‘ತಾಯಿಯ ಜೀನೇ ಸರಿಯಿಲ್ಲ’ ಎಂದರೂ ಬೈಗುಳ ಹೆಣ್ಣಿಗೇ ತಾನೆ!

ತಾಯಿಯ ಜೀನುಗಳಲ್ಲಿ ಅರ್ಧ ಮಗುವಿಗೆ ಸೇರುತ್ತವೆ. ಸೇರದೆ ಉಳಿದವೂ ಸುಮ್ಮನಿರುವುದಿಲ್ಲ; ಆಕೆಯ ರಕ್ತದ ಸಕ್ಕರೆ, ಬಿಪಿ ಮೂಲಕ ಗರ್ಭವನ್ನು ಮುಟ್ಟುತ್ತವೆ. ಗ್ಲುಕೋಕೈನೇಸ್ ಎಂಬ ಜೀನಿನ ಬಗ್ಗೆ 1998ರಲ್ಲಿ ಒಂದು ಅಧ್ಯಯನ ಬಂತು. ಅದರ ದೋಷ ತಾಯಿಗೆ ಮಾತ್ರ ಇದ್ದರೆ ಆಕೆಯ ಸಕ್ಕರೆ ಏರಿ ಮಗು ಸುಮಾರು 600 ಗ್ರಾಂ ಹೆಚ್ಚು ತೂಗುತ್ತಿತ್ತು. ಮಗುವಿಗೆ ಮಾತ್ರ ಇದ್ದರೆ ಇನ್ಸುಲಿನ್ ಕಡಿಮೆಯಾಗಿ ಸುಮಾರು 500 ಗ್ರಾಂ ಕಡಿಮೆ. ಇಬ್ಬರಿಗೂ ಇದ್ದರೆ? ಹೆಚ್ಚುಕಡಿಮೆ ಮಾಮೂಲಿ ತೂಕ. ಒಂದೇ ದೋಷ, ಮೂರು ಫಲ. ನನಗಂತೂ ಇದು ಪಟಿಚ್ಚ ಸಮುಪ್ಪಾದದ ಪಾಠದಂತೆಯೇ ಕಾಣುತ್ತದೆ: ಒಂದು ಇನ್ನೊಂದನ್ನು ಆಧರಿಸಿದೆ, ಯಾವುದೂ ಒಂಟಿಯಾಗಿ ವಿಧಿಯಲ್ಲ.

ಜೀನು ನಮ್ಮ ಕೈಯಲ್ಲಿಲ್ಲ. ಬಸುರಿಯ ಊಟ, ರಕ್ತಹೀನತೆ, ಬಿಪಿ, ವಿಶ್ರಾಂತಿ ಇವೆ. 1928ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಹೆರಿಗೆ ಭತ್ಯೆ ಮಸೂದೆಯನ್ನು ಬೆಂಬಲಿಸಿದ ಬಾಬಾಸಾಹೇಬರು, ಹೆರಿಗೆಯ ಹಿಂದೆಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಭಾರವನ್ನು ಬಹುಪಾಲು ಸರ್ಕಾರವೇ ಹೊರಬೇಕು ಎಂದು ವಾದಿಸಿದ್ದರು. ನಮ್ಮ ಕೂಲಿ ಹೆಣ್ಣುಮಕ್ಕಳಿಗೆ ಆ ವಿಶ್ರಾಂತಿ ಎಷ್ಟು ದಿನ ಸಿಗುತ್ತಿದೆ? ಭಾನುವಾರ ವಿಹಾರದಲ್ಲಿ ಇದನ್ನೇ ಮಾತಾಡೋಣ.